ಮುಳ್ಳುಬದನೆಯ ಬಡಕಲು ಹುಳ

ಶಂಕರಪುರದ ವಿಶಾಲಾಕ್ಷಮ್ಮನವರು ಬೆಳಗಿನ ಲಿಂಗಪೂಜೆ ಮುಗಿಸಿದವರೇ ಹಿತ್ತಿಲಿಗೆ ಹೋಗುತ್ತಿದ್ದರು. ಹಣೆಯ ವಿಭೂತಿ ಇನ್ನೂ ಆರಿರುತ್ತಿರಲಿಲ್ಲ, ಕಾಫಿಯೂ ಆಗಿರುತ್ತಿರಲಿಲ್ಲ. ಬದನೆ ಪಾತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಎಲೆಯನ್ನು ಎತ್ತಿ ಕೆಳಮೈ ನೋಡುವರು. ಹಬ್ಬದ ದಿನವೂ, ಮೈ ಬೆಚ್ಚಗಿದ್ದ ದಿನವೂ ಇದು ತಪ್ಪಿದ್ದಿಲ್ಲ.

ಆ ಬದನೆ ತವರಿನದು. ಮದುವೆಯಾಗಿ ಬರುವಾಗ ತಾಯಿ ಸೆರಗಿನ ತುದಿಗೆ ಕಟ್ಟಿಕೊಟ್ಟ ಬೀಜ. ಎಲೆ ಒರಟು, ಮುಟ್ಟಿದರೆ ಸುಂಕು, ಅದರ ಮೇಲಿನ ಸಣ್ಣ ರೋಮ, ಚುಚ್ಚುತ್ತದೆ. ತೊಟ್ಟಿಗೆಲ್ಲ ಮುಳ್ಳು. ಕಾಯಿ ಬಿಡುವುದು ನಿಧಾನ, ಗಾತ್ರವೂ ನಿಂಬೆಹಣ್ಣಿನಷ್ಟೇ. ಆದರೆ ಎಣ್ಣೆಗಾಯಿ ಮಾಡಿದರೆ ಬೀದಿಗೆಲ್ಲ ಘಮ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಪೇಟೆಯ ಅರಿಸಿನದ ಅಂಗಡಿಯನ್ನು ಮಗ ಮಹಾನಂದ ನೋಡಿಕೊಳ್ಳುತ್ತಿದ್ದ. ಸೊಸೆ ಶೈಲಜಾ ಬಸುರಿ. ಹಿಂದೊಮ್ಮೆ ನಿಂತ ಗರ್ಭ ಉಳಿದಿರಲಿಲ್ಲ. ಈ ಸಲ ಐದನೆಯ ತಿಂಗಳಾದರೂ ತಿಂದದ್ದೆಲ್ಲ ವಾಂತಿ. ಕೈ ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಒಂದು ಸಂಜೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಕೇಳಿದಳು.

“ಅತ್ತೆ, ಹೋದ ವರ್ಷ ಮಾಡಿದ್ರಲ್ಲ, ಆ ಮುಳ್ಳುಬದನೆ ಎಣ್ಣೆಗಾಯಿ... ಅದಾದ್ರೆ ಸೇರುತ್ತೆ ಅನ್ಸತ್ತೆ.”

“ಗಿಡ ಈಗ ಮೊಗ್ಗಾಗಿದೆ ಕಣಮ್ಮ. ಶಿವ ಕೊಡ್ತಾನೆ.”

ಆ ವಾರವೇ ಹುಳ ಬಂತು. ತಾಮ್ರದ ಬಣ್ಣದ ಬೆನ್ನು, ಅದರ ಮೇಲೆ ಕರಿಚುಕ್ಕೆ. ನೋಡಲು ಕುಂಕುಮದ ಭರಣಿಯ ಮುಚ್ಚಳದ ಹಾಗೆ ಮುದ್ದಾಗಿತ್ತು. ಅದು ಕೂತ ಎಲೆ ಮಾತ್ರ ನರ ಉಳಿದು ಜಾಲರಿಯಾಗುತ್ತಿತ್ತು. ವಿಶಾಲಾಕ್ಷಮ್ಮ ಇರುವೆಯನ್ನೂ ತುಳಿಯದವರು. ಪಕ್ಕದ ಮನೆಯ ತುಳಸಮ್ಮ ಕೊಟ್ಟಿದ್ದ ಉದ್ದ ಬದನೆಯ ಗಿಡಗಳು ಪಾತಿಯ ಆಚೆ ತುದಿಯಲ್ಲಿದ್ದವು. ನುಣುಪಾದ, ಅಗಲವಾದ ಎಲೆ. ಹುಳಗಳನ್ನು ಬಟ್ಟಲಿಗೆ ಉದುರಿಸಿಕೊಂಡು ಅಲ್ಲಿಗೆ ಬಿಟ್ಟರು.

ಗೋಡೆಯಾಚೆಯಿಂದ ತುಳಸಮ್ಮ ನಕ್ಕರು. “ಏನ್ರೀ ವಿಶಾಲಾಕ್ಷಮ್ನೋರೇ, ಹುಳಕ್ಕೂ ದಾಸೋಹಾನಾ?”

“ಅವಕ್ಕೂ ಹೊಟ್ಟೆ ಇಲ್ವೇನ್ರೀ? ಎಲ್ಲೋ ಒಂದ್ಕಡೆ ಉಣ್ಲಿ ಬಿಡಿ.”

“ಉಣ್ಣೋದು ನಾನ್ ಕೊಟ್ಟ ಗಿಡ! ಭಲೇ ಭಕ್ತೆ ನೀವು.”

ದಾಸೋಹ ಚೆನ್ನಾಗಿಯೇ ನಡೆಯಿತು. ನುಣುಪೆಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ನಿಂತವು. ಮರಿಗಳು ಹುಟ್ಟಿ ದುಂಡಗಾಗಿ, ಎಲೆಗೇ ಅಂಟಿ ನಿದ್ದೆಗೆ ಹೋಗಿ, ನೋಡುನೋಡುತ್ತಿದ್ದಂತೆ ಹೊಸ ಹುಳಗಳಾಗಿ ಎದ್ದವು. ಅಲ್ಲಿ ಜಾಗ ಸಾಲದೆ ಮುಳ್ಳುಬದನೆಗೆ ಹಿಂಡಾಗಿ ಮರಳಿದವು. ಒಂದು ಬೆಳಿಗ್ಗೆ ಎತ್ತಿದ ಎಲೆ ಎಲೆಗೂ ಹುಳ. ಹೂವಿನ ಸುತ್ತಲಿನ ಎಲೆಗಳೂ ತೂತಾಗಿದ್ದವು. ಒಳಗಿನಿಂದ ಶೈಲಜಾ ವಾಂತಿ ಮಾಡುವ ಸದ್ದು ಕೇಳಿಸಿತು. ವಿಶಾಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹಾಗೆ ಕೂತಲ್ಲೇ ಒಂದು ಮರಿಯ ಮೇಲೆ ಅವರ ಕಣ್ಣು ನಿಂತಿತು. ಮುಳ್ಳುಬದನೆಯ ಎಲೆಯ ಮೇಲೆಯೇ ಹುಟ್ಟಿದ್ದು. ಸುಂಕಿನ ನಡುವೆ ಬಾಯಿ ಹಾಕಲಾರದೆ ತಡವರಿಸುತ್ತಿತ್ತು. ಇದರ ಜೊತೆಗೇ ನುಣುಪೆಲೆಯ ಮೇಲೆ ಹುಟ್ಟಿದ ಮರಿಗಳು ಆಗಲೇ ರೆಕ್ಕೆ ಬಂದು ಹಾರಾಡುತ್ತಿದ್ದವು. ಇದಿನ್ನೂ ಎಳ್ಳಿನಷ್ಟೇ ಇತ್ತು. ದಿನಾ ನೋಡಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಈ ಗಿಡದಲ್ಲಿ ಎಷ್ಟೋ ಮರಿಗಳು ಬೆಳೆಯದೆ ಒಣಗಿದ್ದವು. ಉಳಿದು ಹುಳವಾದವೂ ಬಡಕಲು. ಅವು ಇಟ್ಟ ಮೊಟ್ಟೆಯೂ ವಿರಳ. ತವರಿನ ಗಿಡ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು. ಹುಳದ ಸಂಸಾರ ಬೆಳೆಸಿದ್ದು ತಾವು ಹಾಕಿದ ಆ ಮೆತ್ತನೆಯ ಊಟ.

ಅಂದೇ ಉದ್ದ ಬದನೆಯ ಗಿಡಗಳನ್ನು ಬೇರುಸಹಿತ ಕಿತ್ತರು. ಅವುಗಳಲ್ಲಿ ಆಗಲೇ ಬೆರಳಿನಷ್ಟು ಮಿಡಿಗಳಿದ್ದವು. ತುಳಸಮ್ಮ ಗಾಬರಿಯಾದರು.

“ಅಯ್ಯೋ, ಇನ್ನೆರಡು ದಿನ ತಡೀರಿ! ಶೈಲಜಂಗೆ ಇದ್ನೇ ಮಾಡ್ಕೊಡ್ಬೋದಿತ್ತು.”

“ತಡೆದ್ರೆ ಅದೂ ಇರಲ್ಲ, ಇದೂ ಇರಲ್ಲ ರೀ. ನಿಮ್ ಗಿಡ ಒಳ್ಳೇದು, ಹುಳಕ್ಕೆ ಇನ್ನೂ ಒಳ್ಳೇದು.”

ಮುಳ್ಳುಬದನೆಗೆ ಬಂದಿದ್ದ ಹಿಂಡನ್ನೂ ಅವುಗಳ ಮೇಲೆ ಉದುರಿಸಿ, ಹುಳಗಳ ಸಮೇತ ಗಿಡಗಳನ್ನು ಕುಕ್ಕೆಗೆ ತುಂಬಿಕೊಂಡು, ಕೆಂಪಾಂಬುಧಿ ಕೆರೆಯ ಏರಿಯವರೆಗೆ ನಡೆದುಹೋಗಿ, ಅಲ್ಲಿ ಬದನೆಯ ಜಾತಿಯದೇ ಆದ ಕಾಡು ಸುಂಡೆಯ ಪೊದೆಗಳ ಬುಡದಲ್ಲಿ ಇಳಿಸಿ ಬಂದರು. ಬದುಕುವವು ಬದುಕಲಿ ಎಂದು ಕೈ ಮುಗಿದರು.

ಮುಳ್ಳುಬದನೆಯಲ್ಲಿ ಉಳಿದ ಹುಳಗಳು ಹೆಚ್ಚುವುದು ನಿಧಾನ. ಬೆಳಗಿನ ಒಂದೇ ಸುತ್ತಿನಲ್ಲಿ ಅವುಗಳ ಮೊಟ್ಟೆಯಿದ್ದ ಎಲೆಗಳನ್ನು ಕಿತ್ತು ಏರಿಗೆ ಒಯ್ಯಲು ಸಾಧ್ಯವಾಯಿತು. ಗಿಡ ಚಿಗುರಿತು. ಶ್ರಾವಣದ ಕೊನೆಗೆ ಒಂದು ಹಿಡಿ ಕಾಯಿ ಸಿಕ್ಕಿತು. ಶೈಲಜಾ ಎಣ್ಣೆಗಾಯಿಯ ಜೊತೆ ಒಂದು ಇಡೀ ರೊಟ್ಟಿ ತಿಂದಳು. ಅತ್ತೆ ಬಚ್ಚಲ ಬಾಗಿಲನ್ನೇ ನೋಡುತ್ತ ಕೂತರು. ಸೊಸೆ ಏಳಲಿಲ್ಲ. ಬೆರಳು ನೆಕ್ಕಿಕೊಂಡು, “ಇನ್ನೊಂದು ಇದ್ಯಾ ಅತ್ತೆ?” ಎಂದಳು.

ಮರುದಿನ ತುಳಸಮ್ಮನ ಗಂಡ ವೆಂಕಟಾಚಲರಾಯರು ಗೋಡೆಯ ಬಳಿ ಬಂದರು.

“ನಮ್ ಆಫೀಸಿನ ಸ್ನೇಹಿತರ ಹತ್ರ ಹುಳ ಸಾಯ್ಸೋ ಡಿಡಿಟಿ ಪುಡಿ ಇದೆಯಮ್ಮ, ಪಂಪೂ ಇದೆ. ಭಾನುವಾರ ನಾನೇ ಬಂದು ಹೊಡೀತೀನಿ. ಈ ವಯಸ್ಸಲ್ಲಿ ದಿನಾ ಯಾಕೆ ಬಗ್ಗಿ ಬಗ್ಗಿ ನೋಡ್ತೀರಿ?”

ವಿಶಾಲಾಕ್ಷಮ್ಮ ಎತ್ತಿದ ಎಲೆಯನ್ನು ಮೆಲ್ಲಗೆ ಕೆಳಗೆ ಬಿಟ್ಟರು.

“ನೀವು ಹೇಳಿದ್ದೇ ದೊಡ್ಡದು ರಾಯರೇ. ಬೇಡ. ಹೆರಿಗೆಯಾಗೋವರ್ಗೂ ಆ ಹುಡುಗಿ ಇದೇ ಕಾಯಿ ತಿನ್ಬೇಕು. ಇಷ್ಟು ಹುಳಕ್ಕೆ ನನ್ ಕೈಯೇ ಸಾಕಾಗುತ್ತೆ.”