ಸೀಟಿನ ಕೆಳಗಿನ ಉಕ್ಕಿನ ತಗಡು

ನನ್ನ ಅಣ್ಣ ವಾಯುಪಡೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದ. ಎಂಬತ್ತರ ದಶಕದ ನಡುವೆ ಒಮ್ಮೆ ರಜೆಯಲ್ಲಿ ಜೆಪ್ಪುವಿನಲ್ಲಿದ್ದ ನಮ್ಮ ಮನೆಗೆ ಬಂದಾಗ, ಹೊಸದಾಗಿ ಬಂದಿದ್ದ ದಾಳಿ ಹೆಲಿಕಾಪ್ಟರಿನ ತರಬೇತಿ ಮುಗಿಸಿದ್ದ. ನಾನು ಆಗ ಪಾಲಿಟೆಕ್ನಿಕ್‌ನಲ್ಲಿ ಮೆಷಿನ್ ಡ್ರಾಯಿಂಗ್ ಕಲಿಸುತ್ತಿದ್ದೆ. ಅವನ ಚಹಾ ಮುಗಿಯುವ ಮೊದಲೇ ಕೈಗೆ ಪೆನ್ಸಿಲು ಕೊಟ್ಟೆ.

ಗುಟ್ಟಿನದ್ದೇನೂ ಹೇಳಲಾರೆ ಎಂದು, ಎಲ್ಲರಿಗೂ ಗೊತ್ತಿದ್ದಷ್ಟನ್ನು ಯಾವುದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ. ಎಪ್ಪತ್ತೊಂದರ ಯುದ್ಧದಲ್ಲಿ ಅವನ ತುಕಡಿಯ ಬಳಿ ಇದ್ದದ್ದು ಜನರನ್ನೂ ಗಾಯಾಳುಗಳನ್ನೂ ಹೊರುವ ಹೆಲಿಕಾಪ್ಟರ್. ಅದಕ್ಕೇ ಎರಡೂ ಬದಿಗೆ ರಾಕೆಟ್ ಕೊಳವೆ ಕಟ್ಟಿ, ಪೈಲಟನ ಸೀಟಿನ ಕೆಳಗೆ ಅಣ್ಣನೇ ಉಕ್ಕಿನ ತಗಡು ಕೂರಿಸಿದ್ದನಂತೆ. ಆ ಭಾರಕ್ಕೆ ಅದು ಏಳಲು ತಿಣುಕುತ್ತಿತ್ತು. ಹೊಸದು ಯುದ್ಧಕ್ಕೆಂದೇ ಕಟ್ಟಿದ್ದು: ಸಪೂರ ಮೂತಿ, ಮುಂದೆ ಗುಂಡು ಹಾರಿಸುವವ, ಹಿಂದೆ ತುಸು ಎತ್ತರದಲ್ಲಿ ಪೈಲಟ್, ಸುತ್ತ ಕವಚ.

ಪಕ್ಕದಲ್ಲಿ ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದ ಅಮ್ಮ, ಜೆಟ್ ವಿಮಾನ ಇರುವಾಗ ಇದು ಯಾಕೆ ಎಂದು ಕೇಳಿದಳು. ನಮ್ಮವರು ಕೆಳಗೆ ಸಿಕ್ಕಿಬಿದ್ದು ರೇಡಿಯೋದಲ್ಲಿ ಕರೆದಾಗ ಶತ್ರು ಕೂಗಳತೆಯಲ್ಲೇ ಇರುತ್ತಾನೆ, ಜೆಟ್ಟಿನ ವೇಗಕ್ಕೆ ಯಾರು ಯಾರೆಂದು ತಿಳಿಯುವುದು ಕಷ್ಟ, ಇದು ನಿಧಾನವಾಗಿ ತಗ್ಗಿನಲ್ಲಿ ಹೋಗುವುದರಿಂದ ಕಾಣುತ್ತದೆ ಎಂದ ಅಣ್ಣ.

“ಕಾಣ್ತದೆ ಅಂದ್ರೆ, ಆಚೆಯವರ ಮುಖವೂ ಕಾಣ್ತದಾ?” ಎಂದಳು ಅಮ್ಮ.

ಅಣ್ಣ ಪೆನ್ಸಿಲು ಕೆಳಗಿಟ್ಟ. ಎಪ್ಪತ್ತೊಂದರ ಆ ಯುದ್ಧದಲ್ಲಿ ಒಂದು ದಿನ ಹೆಲಿಕಾಪ್ಟರ್ ಮರಳಿದಾಗ ಆ ತಗಡಿನಲ್ಲಿ ಮೂರು ಕಡೆ ಗುಂಡು ತಾಗಿದ ತಗ್ಗು ಇತ್ತಂತೆ. ಪೈಲಟ್ ಇಳಿದು ಬಂದು ಅಣ್ಣನ ಕೈ ಹಿಡಿದುಕೊಂಡರು. ಆಮೇಲೆ ಎಣ್ಣೆಯ ಡ್ರಮ್ಮಿಗೆ ಒರಗಿ ಕೂತು, ಕೆಳಗೆ ಒಬ್ಬ ಎರಡೂ ಕೈ ಎತ್ತಿದ್ದ, ಅಷ್ಟರಲ್ಲಿ ತಾನು ರಾಕೆಟ್ಟಿನ ಗುಂಡಿ ಒತ್ತಿಯಾಗಿತ್ತು ಅಂದರಂತೆ. ಇಷ್ಟು ವರ್ಷ ಅಣ್ಣ ಅದನ್ನು ಯಾರಿಗೂ ಹೇಳಿರಲಿಲ್ಲ.

“ನಾನು ಹಾಕಿದ ತಗಡು ಅವರನ್ನು ಉಳಿಸಿತಮ್ಮ. ಆ ರಾಕೆಟ್ ಕಟ್ಟಿದ್ದೂ ನಾನೇ. ಎಂತ ಹೇಳುವುದು?”

“ಎರಡೂ ನಿನ್ನ ಕೆಲಸವೇ ಅಲ್ವಾ ಮಗ” ಎಂದಳು ಅಮ್ಮ. ಅದರಲ್ಲಿ ದೂರು ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಮರುದಿನ ನನ್ನ ತರಗತಿಯಲ್ಲಿ ಮಾತಾಡಲು ಅವನು ಮೊದಲೇ ಒಪ್ಪಿದ್ದ. ಇನ್ನು ಬರಲಾರನೇನೋ ಅಂದುಕೊಂಡಿದ್ದೆ. ತಂಗಿಯಾದ ನನಗೆ ಕೊಟ್ಟ ಮಾತೆಂದು ಇಸ್ತ್ರಿ ಅಂಗಿ ತೊಟ್ಟು ಬಂದ. ಕವಚದ ಭಾರಕ್ಕೆ ಎಂಜಿನ್ನಿನ ಬಲ ಹೇಗೆ ಹೆಚ್ಚಬೇಕಾಯಿತು ಎಂಬುದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ. ಕೊನೆಗೆ ಪೈಲಟ್ ಹೇಳಿದ್ದನ್ನೂ ಹೇಳಿದ. ಕೆಲಸ ಬಿಡಬೇಕು ಅನ್ನಿಸಲಿಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಕೆಳಗಿನಿಂದ ರೇಡಿಯೋದಲ್ಲಿ ಕರೆದ ನಮ್ಮವರೂ ನೆನಪಾಗುತ್ತಾರೆ ಎಂದು ಅಣ್ಣ ಉತ್ತರಿಸಿದ.

ನಿವೃತ್ತಿಯವರೆಗೂ ಅವನು ಆ ಹೆಲಿಕಾಪ್ಟರುಗಳ ಜೊತೆಗೇ ಇದ್ದ. ನಾನು ಪಾಠ ಮಾಡುತ್ತ ಹೋದೆ. ಒಂದು ಯಂತ್ರ ಹಂತಹಂತವಾಗಿ ಸುಧಾರಿಸಿದ್ದನ್ನು ವಿವರಿಸುವಾಗ, ಕೈ ಎತ್ತಿದ್ದ ಆ ಮನುಷ್ಯ ನೆನಪಾದರೂ, ನನಗೆ ಈಗಲೂ ಉತ್ಸಾಹ ಬರುತ್ತದೆ. ಅದನ್ನು ತಡೆಯಲು ಆಗಿಲ್ಲ, ತಡೆಯಬೇಕೇ ಎಂಬುದೂ ತಿಳಿದಿಲ್ಲ.