ಉಪವಾಸದ ಗಿಡ

ಕೂಡ್ಲಿಗಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗಾಳೆಮ್ಮನ ಸೌಟಿಗೆ ಎದುರಾಡಿ ಗೆದ್ದವರಿಲ್ಲ. ಅಲ್ಲಿ ಅಡುಗೆಯ ಮುಖ್ಯಸ್ಥೆ ಆಕೆ. ‘ಸಾಕು’ ಎಂದ ಹುಡುಗಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬೀಳುತ್ತಿತ್ತು, ‘ಹಸಿವಿಲ್ಲ’ ಎಂದವಳಿಗೆ ಎರಡು. ತಪಾಸಣೆಗೆಂದು ಬಂದ ಅಧಿಕಾರಿಯೊಬ್ಬರು ಉಂಡು ಎದ್ದಾಗ ತಾವು ಬಂದದ್ದು ಯಾಕೆಂಬುದನ್ನೇ ಮರೆತಿದ್ದರಂತೆ. ಹಸಿದ ಜೀವ ಕಣ್ಣಿಗೆ ಬಿದ್ದರೆ ಗಾಳೆಮ್ಮನ ಕೈ ತಾನಾಗಿ ಪಾತ್ರೆಯತ್ತ ಹೋಗುತ್ತಿತ್ತು.

ಅಂಥ ಗಾಳೆಮ್ಮ ಐವತ್ತು ದಾಟಿದ ಮೇಲೆ ಊರಂಚಿನ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದಳು. ಹುಟ್ಟಿದ ಮನೆಗಾಗಲಿ ಕೊಟ್ಟ ಮನೆಗಾಗಲಿ ಅಂಗಳವೆಂಬುದೇ ಇರಲಿಲ್ಲ. ಬಾಗಿಲು ತೆರೆದರೆ ನೇರ ಓಣಿ. ಈಗ ಬಾಗಿಲ ಮುಂದೆ ಎರಡು ಮಂಚ ಹಾಕುವಷ್ಟು ಭೂಮಂಡಲ ಆಕೆಯ ವಶವಾಗಿತ್ತು. ಅಲ್ಲಿ ಹೂವು ಅರಳಬೇಕು, ಹೋಗಿಬರುವವರು ಒಂದು ಗಳಿಗೆ ನಿಂತು ನೋಡಬೇಕು. ಇಷ್ಟಾಗದೆ ತಾನು ಸಾಯುವುದಿಲ್ಲವೆಂದು ಆಕೆ ಸಾರಿಬಿಟ್ಟಳು.

ಶತ್ರುಪಡೆ ಸಾಮಾನ್ಯದ್ದಲ್ಲ. ನೆಲವೆಲ್ಲ ಗರಸು, ಗುದ್ದಲಿ ಹಾಕಿದರೆ ಕಿಡಿ ಏಳುತ್ತಿತ್ತು. ನಲ್ಲಿಯಲ್ಲಿ ನೀರು ಬಂದ ದಿನವೇ ಹಬ್ಬ. ಇವೆರಡನ್ನೂ ಗೆದ್ದು ಚಿಗುರಿದ್ದನ್ನು ಹಿಂದಿನ ಓಣಿಯ ಬೀರಲಿಂಗೇಶನ ಆಡುಗಳು ಮೇಯುತ್ತಿದ್ದವು. ದಾಸವಾಳ ಹೋಯಿತು, ಮಲ್ಲಿಗೆ ಹೋಯಿತು. ಗುಲಾಬಿಯನ್ನು ಮುಳ್ಳುಸಮೇತ ನುಂಗಿದ ಕರಿ ಹೋತವೊಂದು ಗಾಳೆಮ್ಮನತ್ತ ತಿರುಗಿ ಗಡ್ಡ ಅಲ್ಲಾಡಿಸಿತು.

“ಪ್ಲಾಸ್ಟಿಕ್ ಹೂವಿನ ಗಿಡ ತಂದಿಡ್ಲೇನ? ಅದನ್ನ ಆಡೂ ತಿನ್ನಂಗಿಲ್ಲ” ಎಂದ ಗಂಡ ಸುಂಕಪ್ಪ. ಕೊಟ್ಟೂರು ಬಸ್ಸಿನ ಡ್ರೈವರ್ ಆತ. ಸಾಯಂಕಾಲದ ಸಾರಿನಲ್ಲಿ ಉಪ್ಪಿರಲಿಲ್ಲ. ಸುಂಕಪ್ಪ ಅದನ್ನೇ ಉಂಡ.

ಮಗ ಕ್ರಾಂತಿಕುಮಾರ್ ಹಗರಿಬೊಮ್ಮನಹಳ್ಳಿಯಲ್ಲಿ ಲೈನ್‌ಮನ್. ಅವ್ವನ ಸೋಲು ನೋಡಲಾರದೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ‘ರಷ್ಯನ್ ಸೇಜ್’ ಎಂಬ ಹೂಗಿಡದ ಮೂರು ಸಸಿ ತರಿಸಿದ. ಪೆಟ್ಟಿಗೆ ಬಿಚ್ಚಿದರೆ ಬೂದಿ ಬಣ್ಣದ ಕಡ್ಡಿ, ಬೂದಿ ಮೆತ್ತಿದಂಥ ಸಣ್ಣ ಸಣ್ಣ ಎಲೆ.

“ಇದು ಬದುಕೈತೋ, ಸತ್ತೈತೋ?” ಸುಂಕಪ್ಪ ಕೇಳಿದ.

“ಅದರ ಬಣ್ಣಾನ ಹಂಗ, ಅಪ್ಪಾ. ಹೆಸರಷ್ಟ ರಷ್ಯಾದ್ದು, ತವರುಮನಿ ಆಫ್ಘಾನಿಸ್ತಾನದ ಕಡಿ ಕಲ್ಲುಗುಡ್ಡ. ಬಿಸ್ಲು ಬೇಕು, ಗರಸು ನೆಲ ಬೇಕು. ಅವ್ವಾ, ಬೇರು ಹಿಡಿಯೋತನಕ ಒಂಚೂರು ನೀರು ಹಾಕು. ಆಮೇಲೆ ಸುಮ್ನಿರು. ಗೊಬ್ಬರದ ಮಾತ ಬ್ಯಾಡ.”

“ಸುಮ್ನಿರು ಅಂದ್ರ?”

“ಸುಮ್ನಿರು ಅಂದ್ರ ಸುಮ್ನಿರು.”

ಕಡಲು ದಾಟು ಎಂದಿದ್ದರೆ ಗಾಳೆಮ್ಮ ಸೆರಗು ಕಟ್ಟಿ ಹೊರಡುತ್ತಿದ್ದಳು. ಸುಮ್ಮನಿರುವುದು ಹೇಗೆಂಬುದನ್ನು ಮಾತ್ರ ಆಕೆಗೆ ಯಾರೂ ಕಲಿಸಿರಲಿಲ್ಲ. ಮಗ ಬಸ್ಸು ಹತ್ತಿದ ಮರುದಿನವೇ ಮೊದಲ ಸಸಿಗೆ ಅಕ್ಕಿ ತೊಳೆದ ನೀರು ಸಂದಾಯವಾಯಿತು, ಅದರ ಹಿಂದೆ ಬೇಳೆ ಕಟ್ಟು. ಸಸಿ ಬುಡದಲ್ಲಿ ಕಪ್ಪಾಗಿ ಮಗ್ಗುಲಾಯಿತು. ಹಸಿವಿನಿಂದಲೇ ಹೋಯಿತೆಂದು ಮರುಗಿದ ಗಾಳೆಮ್ಮ ಎರಡನೆಯದಕ್ಕೆ ಶೇಂಗಾ ಹಿಂಡಿ ನೆನೆಸಿ ಉಣಿಸಿದಳು. ಅದು ಇನ್ನೂ ಬೇಗ ಹೋಯಿತು.

ರಜೆಗೆ ಬಂದ ಕ್ರಾಂತಿಕುಮಾರ್ ಕಿತ್ತು ನೋಡಿದ. ಬೇರು ಬೆಂದ ಬದನೆಕಾಯಿಯಂತಾಗಿತ್ತು.

“ಅವ್ವಾ, ಇದು ಹಸದು ಸತ್ತಿಲ್ಲ. ಉಂಡು ಸತ್ತೈತಿ.”

ತನ್ನ ಕೈಯೂಟ ಉಂಡು ಸತ್ತವರುಂಟೆಂಬ ಮಾತು ಗಾಳೆಮ್ಮನ ಎದೆಗೆ ನಾಟಿತು. ಉಳಿದದ್ದು ಒಂದೇ ಸಸಿ. ಇದನ್ನು ಉಣಿಸದೆ ಬೆಳೆಸುತ್ತೇನೆಂದು ಹಟ ತೊಟ್ಟಳು. ಅಕ್ಕಿ ತೊಳೆದ ನೀರು ಹಿಡಿದು ಅದರ ಮುಂದೆ ಹಾಯುವಾಗ ಕೈ ತುರಿಸುತ್ತಿತ್ತು. ಹಾಗಾಗಿ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತು ಹಾಕಿ, ಪಕ್ಕದ ಮನೆಯ ಎರ್ರಮ್ಮನ ಎಮ್ಮೆಗೆ ಸುರಿದು ಬರುತ್ತಿದ್ದಳು. ಎಮ್ಮೆ ದುಂಡಗಾಯಿತು. ಒಂದು ದಿನ ಕರಿ ಹೋತ ಬಂದು ಸಸಿಗೆ ಬಾಯಿ ಹಾಕಿ, ಅದರ ಘಾಟಿಗೆ ಸೀನಿ, ಮಂದೆಯ ಮುಂದೆಯೇ ಹಿಮ್ಮೆಟ್ಟಿತು. ಗಾಳೆಮ್ಮ ಬಾಗಿಲಲ್ಲಿ ನಿಂತು ದಿಗ್ವಿಜಯ ಮುಗಿಸಿದ ರಾಣಿಯಂತೆ ಎಲೆಯಡಿಕೆ ಹಾಕಿಕೊಂಡಳು.

ಮಾಘದಲ್ಲಿ ನೀಲಗುಂದದ ತಂಗಿಯ ಮನೆಯಲ್ಲಿ ಮದುವೆ. ಗಂಡ ಹೆಂಡತಿ ಇಬ್ಬರೂ ಹೋಗಿ, ವಾರದ ಮೇಲೆ ಬಂದು ನೋಡಿದರೆ ಅಂಗಳವೆಲ್ಲ ತಂಪು, ಸಸಿಯ ಎಲೆಯೆಲ್ಲ ಹಳದಿ. ಎರ್ರಮ್ಮ ಕಾಂಪೌಂಡಿನ ಆಚೆಯಿಂದ ಸಂತೋಷದಿಂದ ಹೇಳಿದಳು: “ನೀವಿಲ್ಲಂತ ಬಾಗಲ ಹಾಳು ಬೀಳಬಾರ್ದು ನೋಡ್ರಿ ಗಾಳೆಮ್ಮಕ್ಕ, ದಿನಾ ನಾನ ಸಗಣಿ ನೀರು ಹೊಡದು ರಂಗೋಲಿ ಹಾಕೀನಿ. ಪಾಪ, ಆ ಗಿಡ ಬಡಕಲಾಗಿತ್ತು. ಉಳದ ಬಕೀಟು ಅದಕ್ಕ ಸುರುವೀನಿ.”

ಬೈಯಲು ಬಾಯೇ ಬರದಂಥ ಉಪಕಾರ. “ಛಲೋ ಆತವ್ವ” ಎಂದವಳೇ ಗಾಳೆಮ್ಮ ಸೀರೆ ಎತ್ತಿ ಕಟ್ಟಿದಳು. ಸಸಿಯನ್ನು ಅಗೆದು ತೆಗೆದು, ಬೇರು ತೊಳೆದು, ಕೊಳೆತದ್ದನ್ನು ಈಳಿಗೆಯಲ್ಲಿ ಕತ್ತರಿಸಿ, ಮೇಲಿನ ಕಡ್ಡಿಯನ್ನೂ ಗೇಣುದ್ದಕ್ಕೆ ಇಳಿಸಿದಳು. ಮನೆ ಕಟ್ಟಿ ಉಳಿದ ಜಲ್ಲಿಕಲ್ಲು, ಮರಳು, ಗರಸು ಸುರಿದು ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ನೆಟ್ಟಳು.

“ಏನಲೇ ಇದು, ಗಿಡಾನೋ ಗೋರಿನೋ?” ಎಂದ ಸುಂಕಪ್ಪ.

“ಗೋರಿ ಆದ್ರ ಹೂವು ನೀವ ತಂದಿಡ್ರಿ. ಈಗ ಕಲ್ಲು ಹೊರ್ರಿ.”

ಆತ ಹೊತ್ತ.

ಎರ್ರಮ್ಮನ ಬಕೀಟಿನ ಭಯ ಮಾತ್ರ ಹಾಗೇ ಉಳಿಯಿತು. ಬೇಡವೆಂದರೆ ಆಕೆ ಮುನಿದಾಳು, ಹೇಳದಿದ್ದರೆ ಗಿಡ ಸತ್ತೀತು. ಬೆಳಿಗ್ಗೆ ಬಕೀಟು ಹಿಡಿದು ಬಂದವಳನ್ನು ಗಾಳೆಮ್ಮ ಅಡ್ಡಗಟ್ಟಿ ಗಂಭೀರವಾಗಿ ಹೇಳಿದಳು: “ಎರ್ರಮ್ಮ, ಇದು ಉಪವಾಸ ಹಿಡದೈತಿ.”

ಸೋಮವಾರ, ಶನಿವಾರ, ಶಿವರಾತ್ರಿ ಎಂದು ವರ್ಷದ ಅರ್ಧ ಉಪವಾಸ ಮಾಡುವ ಎರ್ರಮ್ಮ ಥಟ್ಟನೆ ಬಕೀಟು ಕೆಳಗಿಟ್ಟಳು. “ಮೊದ್ಲ ಹೇಳಬಾರ್ದೇನ್ರಿ? ಕೆಡಿಸಿದ ಪಾಪ ನನಗ ಹತ್ತತಿತ್ತು.” ಅಂದಿನಿಂದ ಕಾವಲು ಆಕೆಯದೇ. ಸುಂಕಪ್ಪ ಕೈ ತೊಳೆಯಲು ದಿಬ್ಬದ ಹತ್ತಿರ ಬಂದರೂ “ಅಣ್ಣಾರ, ಆ ಕಡಿ ಹೋಗ್ರಿ, ಉಪವಾಸ ಐತಿ” ಎಂದು ಅಟ್ಟುತ್ತಿದ್ದಳು.

ಬರೀ ಕಡ್ಡಿ ಬಹಳ ದಿನ ಹಾಗೇ ನಿಂತಿತ್ತು. ಗಾಳೆಮ್ಮ ಬೆರಳಿನಿಂದ ಮಣ್ಣು ಕೆದರಿ, ಪೂರ್ತಿ ಒಣಗಿದ್ದರೆ ಮಾತ್ರ ಒಂದು ಲೋಟ ನೀರು ಹಾಕಿ, ತಿರುಗಿ ನೋಡದೆ ಒಳಗೆ ಹೋಗುತ್ತಿದ್ದಳು. ಯುಗಾದಿಯ ಹೊತ್ತಿಗೆ ಬುಡದಲ್ಲಿ ಬೆಳ್ಳಿ ಬಣ್ಣದ ಚಿಗುರು ಕಂಡಿತು. ಮೇ ತಿಂಗಳಲ್ಲಿ, ಎರ್ರಮ್ಮನ ಹಿತ್ತಿಲ ದಾಸವಾಳವೂ ತಲೆ ಬಾಗಿಸಿದ ಉರಿಯಲ್ಲಿ, ದಿಬ್ಬದ ಮೇಲೆ ನೀಲಿ ನೇರಳೆ ಹೂಗೊಂಚಲು ಸೊಂಟದೆತ್ತರ ಎದ್ದು ನಿಂತಿತು. ಹಡಗಲಿ ಕಡೆಯ ಯಾರೋ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಗಾಳೆಮ್ಮ ಕಿಟಕಿಯ ಹಿಂದೆ ನಿಂತು, ಅವರು ಹೋಗುವವರೆಗೂ ನೋಡಿದಳು.

ಎರ್ರಮ್ಮನಿಗೂ ಹಿಗ್ಗು. “ಫಲ ಸಿಕ್ತಲ್ರಿ ಅಕ್ಕ. ಇನ್ನ ಉಪವಾಸ ಬಿಡಸೂಣೇನು?” ಎನ್ನುತ್ತ ಬಕೀಟು ಎತ್ತಿದಳು.

ಗಾಳೆಮ್ಮ ಅದನ್ನು ಆಕೆಯ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ರಸ್ತೆಗೆ ಸುರಿದಳು. “ಇಲ್ಲವ್ವ. ಇದರ ಉಪವಾಸ ಸಾಯೋತನಕ ಐತಿ.”