ಹೆಸರು ಹಿಡಿದ ಸಂಜೆ

ಊರಿಗೆ ಊರೇ ಇಂಗ್ಲಿಷ್ ಕಲಿಯಲು ಎದ್ದು ನಿಂತ ಕಾಲವದು. ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಬೇಗಂಪೇಟೆಯ ಯಾವುದಾದರೂ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕೀತೆಂದು ರಾಯಚೂರು ಕಡೆಯಿಂದ ಬಂದು ಅಲ್ಲೇ ನೆಲೆಸಿದ್ದ ಗುರುದೇವಿಯೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು.

ಟೀಚರ್ ಮನೆಯವರ ಬಗ್ಗೆ ಹೇಳಿ ಎಂದಾಗ ಅವಳು ಎದ್ದು, ಗಂಡನನ್ನು ‘ಅವರು’ ಎನ್ನುವ ರೂಢಿಯಲ್ಲೇ, “ದೇ ವರ್ಕ್ ಇನ್ ಪಟಾನ್‌ಚೆರು” ಎಂದಳು.

“ದೇ ಅಂದ್ರ ಎಷ್ಟ್ ಮಂದಿರೀ?” ಕನ್ನಡದವರೇ ಆದ ಬೀದರಿನ ಸೌಂದರ್ಯಾ ಟೀಚರ್ ಕೇಳಿದರು.

“ಒಬ್ಬರೇ ರೀ. ನಮ್ಮ ಮನಿಯವ್ರು.”

“ಹಂಗಾರ ಹೀ ಅನ್ರಿ. ಮೊದ್ಲು ಹೆಸರು ಹೇಳ್ರಿ, ಇಲ್ಲಾಂದ್ರ ಆ ಹೀ ಯಾರಂತ ಹೆಂಗ ತಿಳೀಬೇಕು?”

ಗಂಡನ ಹೆಸರನ್ನು ಗುರುದೇವಿ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯಾಕೆಯೇ ಹೇಳಿದ್ದಳು. ಕಣ್ಣು ಮುಚ್ಚಿಕೊಂಡು, “ಅಮರೇಶಪ್ಪ ವರ್ಕ್ಸ್ ಇನ್ ಪಟಾನ್‌ಚೆರು. ಹೀ ಕಮ್ಸ್ ಹೋಮ್ ಬೈ ಬಸ್” ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಟೀಚರ್ ಮುಂದಿನವರನ್ನು ಎಬ್ಬಿಸಿದರು. ಅವಳಿಗೆ ಮಾತ್ರ ಮೈ ಜುಮ್ಮೆಂದಿತು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನಿಗೆ ಇಷ್ಟು ಚೆಂದದ ಹೆಸರಿತ್ತೇ!

ಸಂಜೆ ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಿಂದ ಬಂದ ಗಂಡ ನೀರಿನ ತಂಬಿಗೆ ಎತ್ತುತ್ತ, “ಏನ್ ಕಲ್ತಿ ಇವತ್ತ?” ಎಂದ.

ಬಾಗಿಲ ಮರೆಯಿಂದಲೇ ಅವಳು ಪಾಠ ಒಪ್ಪಿಸಿದಳು. “ಅಮರೇಶಪ್ಪ ಈಸ್ ಮೈ ಹಸ್ಬೆಂಡ್. ಹೀ ಈಸ್ ಟೈರ್ಡ್.”

ತಂಬಿಗೆ ಕೈಯಲ್ಲೇ ನಿಂತಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಬರೀ ‘ಕನ್ನಡದವನು’. ಹೆಸರು ಹಿಡಿದು ಕರೆಯುತ್ತಿದ್ದ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

“ಇನ್ನೊಮ್ಮೆ ಅನ್ನು,” ಎಂದ.